ಗಿಡ್ಡ ನಳಿಗೆ, ಉದ್ದ ಗಜ

"ಇದೂ ಅಲ್ಲ."

ಗಿರಿಜಾಂಬ ಕೋವಿಯ ಬಾಯಿಗೆ ಮೂಗು ಹಿಡಿದು ಮೂಸಿ, ಅದನ್ನು ಗೋಡೆಗೆ ಒರಗಿಸಿದಳು. "ಇದು ಈಡು ಹೊಡೆದು ಸಂಕ್ರಾಂತಿ ಕಳೀತು. ಒಳಗೆ ಜೇಡ ಸಂಸಾರ ಹೂಡೈತೆ, ಬೇಕಾದ್ರೆ ನೋಡಿ."

ಸಬ್ ಇನ್ಸ್‌ಪೆಕ್ಟರ್ ದೇವರಾಜು ನೋಡಲಿಲ್ಲ. ಸಿದ್ದನದೊಡ್ಡಿ ಠಾಣೆಯ ಹಿಂದಿನ ಕೋಣೆಗೆ ಕಿಟಕಿ ಇರಲಿಲ್ಲ. ಬಿಸಿಲಿಗೆ ಕಾದ ತಗಡಿನ ಸೂರು ಆಗಾಗ ಟಪ್ಪೆಂದು ಸದ್ದು ಮಾಡುತ್ತಿತ್ತು. ಹೊರಗೆ ಎಲೆಕ್ಷನ್ ಜೀಪೊಂದು ಮೈಕಿನಲ್ಲಿ ಕಿರುಚುತ್ತಾ ಹಾರೋಹಳ್ಳಿ ಕಡೆಗೆ ಹೋಯಿತು. ಅವನು ಕರವಸ್ತ್ರ ಹಿಂಡಿ ಮತ್ತೆ ಕತ್ತು ಒರೆಸಿಕೊಂಡ.

"ಅಮ್ಮಾ, ಒಸಿ ಬೇಗ. ಇನ್ನೇನು ಸಾಹೇಬ್ರು ಫೋನ್ ಮಾಡ್ತಾರೆ. ನಾಗರಾಜು ಕೊಲೆ ಎಲ್ಲಿಗೆ ಬಂತಯ್ಯಾ ಅಂತಾರೆ. ಒಬ್ರು ಅಮ್ಮಾವ್ರು ಕೂತ್ಕೊಂಡು ಕೋವಿ ಮೂಸ್ತಾವ್ರೆ ಅಂತ ಹೇಳ್ಲಾ?"

"ಹೇಳಿ. ಮೂಸೋಕೆ ಅಂತ್ಲೇ ಅಲ್ವಾ ನೀವು ನನ್ನ ಕರೆಸಿದ್ದು?"

ಹೌದು, ಅದಕ್ಕೇ ಕರೆಸಿದ್ದು. ಜಮೀನು ದಲ್ಲಾಳಿ ನಾಗರಾಜು ಹೊನ್ನಾರದೊಡ್ಡಿ ಪುಟ್ಟಸ್ವಾಮಿಯ ಹಿಪ್ಪುನೇರಳೆ ತೋಟದಲ್ಲಿ ಅಂಗಾತ ಬಿದ್ದಿದ್ದ. ಅವನ ಎದೆಯಿಂದ ಡಾಕ್ಟರು ತೆಗೆದದ್ದು ಸೈಕಲ್ಲಿನ ಬೇರಿಂಗ್ ಗುಂಡುಗಳು. ಅಂಥ ಗುಂಡು ತುಂಬುವುದು ಬಾಯಿಯಿಂದ ಮದ್ದು ಜಡಿದು, ಕೇಪಿನ ಕಿಡಿ ತಗುಲಿಸಿ ಹೊಡೆಯುವ ಹಳ್ಳಿಯವರ ನಾಡಕೋವಿಗೆ ಮಾತ್ರ. ಆದರೆ ಎಲೆಕ್ಷನ್ ಬಂತೆಂದರೆ ಲೈಸೆನ್ಸಿನ ಕೋವಿಗಳೆಲ್ಲ ಠಾಣೆಗೆ ಬಂದು ಕೂರಬೇಕು. ಹೋಬಳಿಯ ಅಷ್ಟೂ ಕೋವಿಗಳು ಈ ಕೋಣೆಯಲ್ಲಿ ಬೀಗದೊಳಗೆ ಇರುವಾಗ, ಹೊರಗೆ ಹೊಡೆದದ್ದು ಯಾವುದು?

ಬೆಳಿಗ್ಗೆ ಕೋಣೆ ತೆರೆದ ಕೂಡಲೇ ದೇವರಾಜು ಕಬ್ಬಿಣದ ಬೀರು ತೋರಿಸಿದ್ದ. ಅದರೊಳಗೆ ಫಾರ್ಮ್‌ಹೌಸಿನ ದೊಡ್ಡವರ ಜೋಡಿ ನಳಿಗೆಯ ಬಂದೂಕುಗಳು ಬಟ್ಟೆಯ ಗವಸು ತೊಟ್ಟುಕೊಂಡು ಮದುಮಕ್ಕಳ ಹಾಗೆ ನಿಂತಿದ್ದವು. ಗಿರಿಜಾಂಬ ಅತ್ತ ತಿರುಗಿಯೂ ನೋಡದೆ ಮೂಲೆಗೆ ಹೋಗಿದ್ದಳು. ಅಲ್ಲಿ ಊರವರ ನಾಡಕೋವಿಗಳನ್ನು ಸೌದೆಯ ಹಾಗೆ ಒಟ್ಟಿದ್ದರು.

ಸೌದೆ ಅನ್ನುವುದು ಬೇರೆಯವರ ಕಣ್ಣಿಗೆ. ಅವಳಿಗೆ ಒಂದೊಂದಕ್ಕೂ ಒಂದು ಮುಖ. ಒಂದರ ಕೇಪು ಬಡಿಯುವ ಕುದುರೆಗೆ ಛತ್ರಿ ಕಡ್ಡಿಯ ಸ್ಪ್ರಿಂಗು. ಇನ್ನೊಂದರ ಬಿರುಕು ಬಿಟ್ಟ ಹಿಡಿಗೆ ತಾಮ್ರದ ತಂತಿ ಸುತ್ತಿತ್ತು. ಮತ್ತೊಂದರ ನಳಿಗೆಯ ಮೇಲೆ ಹೋದ ವರ್ಷದ ಆಯುಧಪೂಜೆಯ ಅರಿಶಿನ ಇನ್ನೂ ಗೀರಾಗಿ ಉಳಿದಿತ್ತು.

ಹಾರೋಹಳ್ಳಿ ಬಸ್ ಸ್ಟ್ಯಾಂಡಿನ ಎದುರು ಗಂಡ ವೃಷಭೇಂದ್ರಪ್ಪ ಬಿಟ್ಟು ಹೋದ ಗನ್ ಹೌಸನ್ನು ನಡೆಸಿಕೊಂಡು ಬಂದವಳು ಅವಳು. ಈಗ ಒಂದು ಮಗ್ಗುಲಿಗೆ ಮೊಬೈಲ್ ರೀಚಾರ್ಜ್ ಅಂಗಡಿ, ಇನ್ನೊಂದು ಮಗ್ಗುಲಿಗೆ ಫ್ಯಾಕ್ಟರಿ ಹುಡುಗರ ಮೆಸ್ಸು. ನಡುವೆ ಅವಳು ಕೇಪು, ಟಾರ್ಚು, ಗುದ್ದಲಿ ಕಾವು ಮಾರುತ್ತಾ ಕೂತಿದ್ದಳು.

"ಅಲ್ಲಮ್ಮಾ, ಆ ಬೀರುವಿನಲ್ಲಿರೋದ್ರ ಒಂದರ ರೇಟಿಗೆ ಈ ರಾಶಿಯೆಲ್ಲ ಬರುತ್ತೆ. ನೀವು ಇವನ್ನ ಮಕ್ಕಳ ಮೈ ಸವರಿದಂಗೆ ಸವರ್ತೀರಲ್ಲ," ಎಂದ ದೇವರಾಜು.

"ಇವು ಬಡವರ ಮನೆ ಎಮ್ಮೆ ಇದ್ದಂಗೆ ಸಾರ್. ಚೆಂದ ನೋಡೋಕೆ ಯಾರೂ ಕಟ್ಟಾಕಲ್ಲ. ಆದ್ರೆ ಮನೆ ನಡೆಸೋದು ಅದೇಯ."

ಬಾಗಿಲ ಬಳಿ ನಿಂತಿದ್ದ ಮಹಿಳಾ ಕಾನ್‌ಸ್ಟೇಬಲ್ ರಹೀಮಾ ಸೆರಗಿಲ್ಲದ ಯೂನಿಫಾರ್ಮಿನಲ್ಲಿ ಸೆರಗು ಹುಡುಕುವಂತೆ ಕೈಯಾಡಿಸಿ, ಕೊನೆಗೆ ಟೋಪಿಯಿಂದಲೇ ಗಾಳಿ ಹಾಕಿಕೊಂಡಳು. "ಏನೇ ಹೇಳಿ ಅಮ್ಮಾ, ಈ ರೂಮಿನ ಬೀಗ ತೆಗೆದಾಗೆಲ್ಲ ನಂಗೆ ನಿಮ್ಮ ಅಂಗಡಿ ನೆನಪಾಗುತ್ತೆ. ಅದೇ ಹರಳೆಣ್ಣೆ, ಕರ್ಪೂರದ ವಾಸನೆ."

"ನನ್ನ ಕೈ ವಾಸನೆ ಕಣೇ ಹುಡುಗಿ. ಸೋಪಲ್ಲಿ ಉಜ್ಜಿದ್ರೂ ಹೋಗಲ್ಲ," ಎಂದು ನಕ್ಕಳು ಗಿರಿಜಾಂಬ. ಹರಳೆಣ್ಣೆಗೆ ಒಂದು ಚಿಟಿಕೆ ಕರ್ಪೂರ ಬೆರೆಸಿ ಕೋವಿಯ ಮರಕ್ಕೆ ಹಚ್ಚುವುದು ಅವಳ ಗಂಡ ಕಲಿಸಿದ ಪಾಠ. ಗೆದ್ದಲು ಹತ್ತಿರ ಸುಳಿಯುವುದಿಲ್ಲ.

ಅವಳು ಮುಂದಿನ ಕೋವಿಗೆ ಕೈ ಹಾಕಿದಳು.

ಕೆಂಪು ಹಳದಿ ಪಟ್ಟೆಯ ಗಜ ಕಂಡ ಕೂಡಲೇ ರಹೀಮಾಗೂ ಗೊತ್ತಾಯಿತು, ಇದು ಪುಟ್ಟಸ್ವಾಮಿಯದೆಂದು. ಮದ್ದು, ಗುಂಡು ಜಡಿಯುವ ಆ ಕೋಲನ್ನು ಅವನು ಚನ್ನಪಟ್ಟಣದ ಗೊಂಬೆ ಮಾಡುವವರ ಹತ್ತಿರ ಹಾಲೆಮರದಲ್ಲಿ ಕಡೆಸಿ, ಅರಗಿನ ಬಣ್ಣ ಹಾಕಿಸಿದ್ದ. ಮಗಳು ಭಾನುಪ್ರಿಯ ಚಿಕ್ಕವಳಿದ್ದಾಗ ಆಟದ ಸಾಮಾನು ತರಲು ಹೋದವನು ಕೋವಿಗೂ ಒಂದು ಆಟದ ಸಾಮಾನು ತಂದ ಎಂದು ಊರೇ ನಗುತ್ತಿತ್ತು. ಹೋಬಳಿಯಲ್ಲಿ ಅಂಥ ಗಜ ಇನ್ನೊಂದಿಲ್ಲ. ತಗಲು ಹಾಕಿದ ಚೀಟಿಯಲ್ಲೂ ಪುಟ್ಟಸ್ವಾಮಿಯ ಹೆಸರೇ ಇತ್ತು.

ಗಿರಿಜಾಂಬಳ ಕೈ ನಿಂತಿತು.

ಗಜ ನಳಿಗೆಯ ಕೆಳಗಿನ ತನ್ನ ಗೂಡಿನಲ್ಲಿ ಕೂತಿತ್ತು. ಆದರೆ ತುದಿ ನಳಿಗೆಯ ಬಾಯಿಯನ್ನು ದಾಟಿ ನಾಲ್ಕು ಬೆರಳು ಮುಂದಕ್ಕೆ ಚಾಚಿಕೊಂಡಿತ್ತು. ಅವಳು ಒಳಕ್ಕೆ ಒತ್ತಿದಳು. ಹೋಗಲಿಲ್ಲ. ಈಚೆ ಎಳೆದು ನಳಿಗೆಯೊಳಕ್ಕೆ ಬಿಟ್ಟಳು. ತಳದ ಕಬ್ಬಿಣಕ್ಕೆ ಬಡಿದು ಠಣ್ ಎಂದಿತು. ಒಳಗೆ ಈಡೂ ಇಲ್ಲ, ಏನೂ ಇಲ್ಲ. ಆದರೂ ಗಜ ಉದ್ದವೇ ಆಯಿತು.

"ಏನಾಯ್ತಮ್ಮಾ?"

ಅವಳು ಕೋವಿಯನ್ನು ಬಾಗಿಲ ಬೆಳಕಿಗೆ ತಂದು ಮೇಲೆ ಕೆಳಗೆ ನೋಡಿದಳು. ನಂಬರು ಸವೆದು ಬರೀ ಗುಂಡಿ ಬಿದ್ದ ಹಾಗೆ ಕಾಣುತ್ತಿತ್ತು. ಅದೇನೂ ವಿಶೇಷವಲ್ಲ, ಹಳೆಯವೆಲ್ಲ ಹಾಗೆಯೇ. ಆದರೆ ನಳಿಗೆಗೂ ಮರಕ್ಕೂ ನಡುವೆ ಉಗುರು ತೂರುವಷ್ಟು ಸಂದಿತ್ತು. ಒಬ್ಬರ ತಲೆಯನ್ನು ಇನ್ನೊಬ್ಬರ ಮೈಗೆ ಕೂಡಿಸಿದ ಹಾಗೆ. ಆ ನಳಿಗೆಯನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಎಲ್ಲಿ ಅನ್ನುವುದು ನಾಲಿಗೆಯ ತುದಿಗೆ ಬಂದು ಜಾರಿಹೋಯಿತು.

ನಿಜ ಹೇಳಿದರೆ ಇನ್ನೊಂದು ಗಳಿಗೆಯಲ್ಲಿ ಪುಟ್ಟಸ್ವಾಮಿಯ ಕೈಗೆ ಕೋಳ ಬೀಳುತ್ತದೆ. ಕೋವಿ ಠಾಣೆಯಲ್ಲಿದೆ ಅನ್ನುವ ಒಂದೇ ಮಾತು ಅವನನ್ನು ಈವರೆಗೆ ಕಾದಿತ್ತು. ಹೇಳದಿದ್ದರೆ?

ಹೇಳದೆ ಇರುವುದು ಅವಳಿಗೆ ಬಾರದ ವಿದ್ಯೆ.

"ಸಾರ್, ಗಜ ಪುಟ್ಟಸ್ವಾಮಿದು. ಕೋವಿ ಅವನದಲ್ಲ."

ದೇವರಾಜು ಗೋಡೆಗೆ ಒರಗಿದ್ದವನು ನೆಟ್ಟಗಾದ. "ಹೆಂಗೆ ಹೇಳ್ತೀರಿ?"

"ಗಜ ಕಡೆಸೋದು ನಳಿಗೆ ಅಳತೆಗೆ. ಬಾಯಿಗೆ ಸರಿಸಮ ಕೂರಬೇಕು. ಪುಟ್ಟಸ್ವಾಮಿದು ಉದ್ದ ನಳಿಗೆ. ಇದು ಗಿಡ್ಡ. ಯಾರೋ ಅವನ ಗಜ ಕಿತ್ತು ಈ ಕೋವಿಗೆ ಸಿಕ್ಸಿ, ಅವನ ಹೆಸ್ರಲ್ಲಿ ಇಲ್ಲಿ ಒಪ್ಸವ್ರೆ. ಅವನ ಕೋವಿ ಹೊರಗೇ ಐತೆ."

ದೇವರಾಜು ಜೇಬಿನಿಂದ ಒಂದು ಪ್ಲಾಸ್ಟಿಕ್ ಪೊಟ್ಟಣ ತೆಗೆದು ಅವಳ ಮುಂದೆ ಹಿಡಿದ. ಒಳಗೆ ಸುಟ್ಟು ಕರಕಲಾದ ನಾರಿನ ಉಂಡೆ. ಒಂದು ಕಡೆ ಮಾತ್ರ ಬೆಳ್ಳಗೆ, ಮಿರಿಮಿರಿ.

"ನಿಮಗೆ ತೋರಿಸಿರಲಿಲ್ಲ. ಗುಂಡಿನ ಜೊತೆ ಗಾಯದಲ್ಲಿ ಸಿಕ್ಕಿದ್ದು. ಮದ್ದಿನ ಮೇಲೆ ತುರುಕ್ತಾರಲ್ಲ, ಅದು. ಏನಿದು ಹೇಳಿ."

ಹೇಳುವುದೇನು ಬಂತು? ಎಲ್ಲರೂ ತೆಂಗಿನ ನಾರು ತುರುಕಿದರೆ, ಪುಟ್ಟಸ್ವಾಮಿ ರೇಷ್ಮೆ ಗೂಡಿನ ಮೇಲಿನ ಜಾಳು ನಾರು ತುರುಕುತ್ತಿದ್ದ. "ನಂದು ಜರಿ ಪಂಚೆ ಉಟ್ಟ ಈಡು" ಎಂದು ಅವಳ ಅಂಗಡಿಯಲ್ಲೇ ಕೂತು ಜಂಬ ಕೊಚ್ಚಿದ್ದು ಎಷ್ಟು ಸಲವೋ.

"ಗೂಡಿನ ನಾರು," ಎಂದಳು ಮೆಲ್ಲಗೆ.

"ನಿನ್ನೆಯಿಂದ ನನ್ನ ತಲೆ ಕೆಟ್ಟೋಗಿತ್ತು. ಈಡು ಅವನದು, ಕೋವಿ ನನ್ನ ಬೀಗದೊಳಗೆ. ಈಗ ಸರಿಹೋಯ್ತು." ಅವನ ದನಿಯಲ್ಲಿ ಗೆಲುವಿರಲಿಲ್ಲ. "ಕಾರ್ಖಾನೆಗೆ ತೋಟ ಕೊಡಲ್ಲ ಅಂತ ನಾಗರಾಜು ಎದುರಿಗೆ ಅವನೇ ಸಂತೇಲಿ ನಿಂತು ಕೂಗಿದ್ದ. ಕಾಲಿಟ್ರೆ ಹಂದಿಗೆ ಹೊಡ್ದಂಗೆ ಹೊಡೀತೀನಿ ಅಂತ. ನಡೀರಿ, ಜೀಪು ತೆಗೀರಿ."

"ತಾಳಿ ಸಾರ್. ಆ ಗಜ ಮಾಡ್ಸಿದೋನೇ ಅವನು. ಅದು ಬೇರೆ ಕೋವಿಗೆ ಸರಿ ಕೂರಲ್ಲ ಅಂತ ಅವನಿಗೆ ಗೊತ್ತಿರಲ್ವಾ? ಅವನೇ ಬದ್ಲಾಯಿಸಿದ್ದಿದ್ರೆ ನಾಲ್ಕು ಬೆರಳು ಕುಯ್ದು ಸಮ ಮಾಡ್ತಿದ್ದ. ಇದು ಕೋವಿ ಗೊತ್ತಿಲ್ದೋನ ಕೆಲಸ ಅಲ್ಲ. ಬದ್ಲಾಯಿಸಿದೋನಿಗೆ ನಳಿಗೆ ಮರಕ್ಕೆ ಕೂಡ್ಸೋಕೆ ಬತ್ತದೆ. ಆದ್ರೆ ನಾಡಕೋವಿ ಅಂದ್ರೆ ಅಸಡ್ಡೆ. ಎಲ್ಲಾ ಒಂದೇ ಅನ್ಕೊಂಡವ್ನೆ."

ದೇವರಾಜು ಬಾಗಿಲಲ್ಲಿ ನಿಂತ. ಮಾತು ತಲೆಗೆ ಹೋಗಿತ್ತು. "ಅವತ್ತು ಕೋವಿಗಳ್ನ ತಕ್ಕೊಂಡ ಹೆಡ್ ಕಾನ್‌ಸ್ಟೇಬಲ್ ಮುನಿಯಪ್ಪನ್ನ ಮಾಗಡಿ ಕಡೆ ಡ್ಯೂಟಿಗೆ ಹಾಕವ್ರೆ. ಫೋನು ಸಿಕ್ತಿಲ್ಲ. ಇಲ್ದಿದ್ರೆ ಯಾರು ತಂದ್ರು ಅಂತ ಈಗ್ಲೇ ತಿಳೀತಿತ್ತು. ಸರಿ, ಪುಟ್ಟಸ್ವಾಮೀನೇ ಕೇಳೋಣ. ನೀವೂ ಬನ್ನಿ."

ಅಷ್ಟರಲ್ಲಿ ಅವಳ ಎಲೆಅಡಿಕೆ ಚೀಲದಲ್ಲಿದ್ದ ಫೋನು ಕುಣಿಯಿತು. ಮಗ ಶಶಾಂಕ್.

"ಅಮ್ಮಾ, ಊಟಕ್ಕೆ ಬತ್ತೀಯೋ ಇಲ್ವೋ? ಆ ತುಕ್ಕು ಸಾಮಾನು ಇನ್ನೂ ಮುಗೀಲಿಲ್ವಾ?"

"ನೀನು ಉಣ್ಣಪ್ಪ, ಲೇಟಾಯ್ತದೆ. ಪುಟ್ಟಸ್ವಾಮಿ ಕೋವಿ ಇಲ್ಲಿ ಇಲ್ಲ ಕಣೋ. ಯಾರೋ ಬದ್ಲಾಯಿಸವ್ರೆ."

ಆ ಕಡೆ ಉಸಿರೂ ಕೇಳಿಸಲಿಲ್ಲ. ಆಮೇಲೆ, "ಓ. ಸರಿ ಸರಿ. ಬೇಗ ಬಾ," ಎಂದು ಫೋನಿಟ್ಟ.

"ಅಮ್ಮಾ! ಕೇಸಿನ ವಿಷಯ ಮನೆಗೆಲ್ಲ ಹೇಳ್ಬಾರ್ದು," ಎಂದ ದೇವರಾಜು.

"ಅಯ್ಯೋ, ನನ್ನ ಮಗನಿಗೆ ಕೋವಿ ವಿಷಯ ಯಾವತ್ತು ಕಿವಿಗೋಗೈತೆ? ಅಂಗಡಿ ಮುಚ್ಚಿ ಮೊಬೈಲ್ ಇಡನ ಅಂತ ಕೂತವ್ನೆ," ಎಂದು ಅವಳು ಸೊಂಟದ ಬೀಗದ ಕೈಗೊಂಚಲು ಸರಿಮಾಡಿಕೊಂಡು ಜೀಪು ಹತ್ತಿದಳು.

ಹಾರೋಹಳ್ಳಿ ದಾಟಿದ ಮೇಲೆ ದಾರಿಯುದ್ದಕ್ಕೂ ಕಾಂಪೌಂಡು ಗೋಡೆಗಳು. ಹೋದ ವರ್ಷ ಅವರೆ ಹೊಲವಿದ್ದ ಕಡೆ ಈಗ ಕಬ್ಬಿಣದ ಕಂಬಗಳು ಎದ್ದಿದ್ದವು. ಜೀಪು ಎಗರಿದಾಗಲೆಲ್ಲ ಗಿರಿಜಾಂಬಳ ಮಡಿಲಲ್ಲಿದ್ದ ಗಿಡ್ಡ ಕೋವಿಯೂ ಎಗರುತ್ತಿತ್ತು. ಆ ನಳಿಗೆ, ಆ ನಳಿಗೆ... ಚಪ್ಪಲಿಯೊಳಗೆ ಸಿಕ್ಕ ಕಲ್ಲಿನ ಹಾಗೆ ಅದು ಅವಳನ್ನು ಸುಮ್ಮನಿರಲು ಬಿಡಲಿಲ್ಲ.

ಹೊನ್ನಾರದೊಡ್ಡಿಯಲ್ಲಿ ಜೀಪು ನಿಂತಾಗ ಪುಟ್ಟಸ್ವಾಮಿಯ ಹೆಂಡತಿ ಚಿಕ್ಕಲಕ್ಷ್ಮಮ್ಮ ಸೊಪ್ಪಿನ ಹೊರೆ ಇಳಿಸುತ್ತಿದ್ದಳು. ಪೊಲೀಸರನ್ನು ಕಂಡು ಹೊರೆಯನ್ನು ಅಲ್ಲೇ ಕೆಡವಿದಳು.

"ಹುಳದ ಮನೆ ಹತ್ರ ಬರ್ಬೇಡಿ! ಬೂಟು ಗೀಟು ಹಾಕ್ಕೊಂಡು ಬಂದೀರಾ! ಪೊರೆ ಬಿಟ್ಟು ಕೊನೆ ಜ್ವರದಿಂದ ಎದ್ದು ವಾರ ಆಯ್ತು, ನಾಳೆ ನಾಳಿದ್ದು ಹಣ್ಣಾಗಿ ಗೂಡು ಕಟ್ತವೆ. ಒಂದು ಕಸ ಹೋದ್ರೂ ಬೆಳೆ ಹೋಯ್ತು!"

"ನಾವು ಹೊಸಲು ದಾಟಲ್ಲ ಲಕ್ಷ್ಮಮ್ಮ," ಎಂದು ಗಿರಿಜಾಂಬ ಸುಣ್ಣ ಚೆಲ್ಲಿದ ಗೆರೆಯ ಈಚೆಗೇ ನಿಂತಳು. ಕೈಯಲ್ಲಿದ್ದ ಕೋವಿಯನ್ನು ರಹೀಮಾಳಿಗೆ ಕೊಟ್ಟು ಹಿಂದಕ್ಕೆ ಕಳಿಸಿದಳು. ಮದ್ದಿನ ವಾಸನೆ ರೇಷ್ಮೆ ಹುಳಕ್ಕೆ ಆಗದು ಅನ್ನುವುದನ್ನು ಈ ಸೀಮೆಯಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ.

ಒಳಗೆ ಮಬ್ಬುಗತ್ತಲು. ತಟ್ಟೆ ತಟ್ಟೆಗಳಲ್ಲಿ ಹುಳಗಳು ಸೊಪ್ಪು ತಿನ್ನುವ ಸರಸರ ಸದ್ದು, ಒಣಗಿದ ಬಾಳೆಯೆಲೆಯ ಮೇಲೆ ಯಾರೋ ಅವಸರದಲ್ಲಿ ಓಡಾಡಿದ ಹಾಗೆ. ಪುಟ್ಟಸ್ವಾಮಿ ಬರಿಮೈಯಲ್ಲಿ ಸೊಪ್ಪು ಹರಡುತ್ತಿದ್ದ. ತಿರುಗಿ ನೋಡಿದ. ಕೈ ಮಾತ್ರ ನಿಲ್ಲಲಿಲ್ಲ.

"ಏನ್ ಅಮ್ಮೋರೆ, ಪೊಲೀಸ್ ಜೀಪಲ್ಲಿ ಮೆರವಣಿಗೆ?"

"ನಿನ್ನ ಕೋವಿ ಠಾಣೇಲಿ ಇಲ್ಲ ಪುಟ್ಟಸ್ವಾಮಿ."

"ಐತಲ್ಲ. ರಸೀದಿ ಐತೆ ನನ್ನತ್ರ."

"ಗಜ ಐತೆ. ಕೋವಿ ಬೇರೆ. ಗಿಡ್ಡಂದು."

ಈಗ ಕೈ ನಿಂತಿತು. ಅವನ ಮುಖದಲ್ಲಿ ಮೊದಲು ಬಂದದ್ದು ಹೆದರಿಕೆಯಲ್ಲ, ಅವಮಾನ. "ನನ್ನ ಗಜಾನಾ ಗಿಡ್ಡ ಕೋವಿಗೆ ಸಿಕ್ಸವ್ರಾ? ಯಾವನವ್ನು?"

ಗಿರಿಜಾಂಬ ದೇವರಾಜು ಕಡೆ ಒಂದು ನೋಟ ಬಿಟ್ಟಳು. ಕೊಂದವನು ಹೀಗೆ ಕೇಳುತ್ತಾನೆಯೇ? ದೇವರಾಜುವಿಗೂ ಅದು ಹೊಳೆದಿತ್ತು. ಆದರೂ ಅವನು ಬಿಡಲಿಲ್ಲ.

"ನಾಗರಾಜು ಎದೇಲಿ ನಿನ್ನ ಗೂಡಿನ ನಾರು ಸಿಕ್ಕೈತೆ ಪುಟ್ಟಸ್ವಾಮಿ. ನಿನ್ನ ಈಡು, ನಿನ್ನ ತೋಟ, ನಿನ್ನ ಬಾಯಲ್ಲೇ ಬಂದ ಮಾತು. ಇನ್ನೇನು ಉಳೀತು?"

"ನಾನು ಹೊಡೆದಿಲ್ಲ ಸಾಮಿ! ಈ ಹುಳಗಳ ಮೇಲಾಣೆ!"

"ಆಣೆ ಆಮೇಲೆ," ಎಂದಳು ಗಿರಿಜಾಂಬ. "ನಾನು ಕೇಳೋದಕ್ಕೆ ನಿಜ ಹೇಳು. ಕೋವಿ ಒಪ್ಪಿಸೋಕೆ ಮುಂಚೆ ಒಳಗಿದ್ದ ಈಡು ಹೊಡೆದು ಖಾಲಿ ಮಾಡಿದ್ಯಾ?"

ಪುಟ್ಟಸ್ವಾಮಿ ತಲೆ ತಗ್ಗಿಸಿದ.

"ಹೆಂಗ್ ಹೊಡೀಲಿ ಅಮ್ಮೋರೆ? ಹುಳ ಮೂರನೇ ಜ್ವರಕ್ಕೆ ಕೂತಿದ್ವು. ಇಲ್ಲಿ ಈಡು ಹೊಡೆದ್ರೆ ಹೊಗೆ, ಸದ್ದು, ಮದ್ದಿನ ನಾತ. ಹಂದಿಗೆ ಅಂತ ತುಂಬಿದ್ದು ಹಂಗೇ ಇತ್ತು. ಕೇಪು ಒಂದು ತೆಗೆದಿಟ್ಟು ಹಂಗೇ ಕಳಿಸ್ಬುಟ್ಟೆ."

ಅಲ್ಲಿಗೆ ಅರ್ಧ ಗಂಟು ಬಿಚ್ಚಿತು. ಕೊಂದವನು ಮದ್ದು ಅಳೆಯಬೇಕಿರಲಿಲ್ಲ, ಗುಂಡು ಹುಡುಕಬೇಕಿರಲಿಲ್ಲ. ಒಂದು ಕೇಪು ಕೂರಿಸಿ ಕುದುರೆ ಎಳೆದರೆ ಸಾಕಿತ್ತು. ಪುಟ್ಟಸ್ವಾಮಿಯ ಈಡು ಪುಟ್ಟಸ್ವಾಮಿಯ ಹೆಸರು ಹೇಳಿಕೊಂಡೇ ಹೋಗುತ್ತಿತ್ತು.

"ಕಳಿಸ್ಬುಟ್ಟೆ ಅಂದ್ಯಲ್ಲ. ಯಾರ ಕೈಲಿ?" ದೇವರಾಜು ಆ ಮಾತನ್ನು ಗಬಕ್ಕನೆ ಹಿಡಿದುಕೊಂಡ.

ಪುಟ್ಟಸ್ವಾಮಿಯೂ ಚಿಕ್ಕಲಕ್ಷ್ಮಮ್ಮನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಬಾಯಿ ತಪ್ಪಿ ಅಂದೆ ಸಾಮಿ. ನಾನೇ ತಂದು ಕೊಟ್ಟೆ."

"ಸುಳ್ಳು," ಎಂದಳು ಗಿರಿಜಾಂಬ. "ಹುಳ ಜ್ವರಕ್ಕೆ ಕೂತಾಗ ಕೋವಿ ಹೊತ್ಕೊಂಡು, ಬಸ್ಸು ಹತ್ಕೊಂಡು, ಪೊಲೀಸ್ ಸ್ಟೇಷನ್ನಿಗೆ ಹೋಗಿ ಬಂದು ಮತ್ತೆ ಹುಳ ಮುಟ್ಟಿದ್ಯಾ ನೀನು? ನಿನ್ನ ಸ್ವಂತ ಅಣ್ಣನ ಮಗನ ಮದುವೆಗೆ ಹುಳದ ಮನೆ ಬಿಟ್ಟು ಬರ್ಲಿಲ್ಲ ಕಣಯ್ಯ. ಊಟಾನಾ ಟಿಫಿನ್ ಡಬ್ಬೀಲಿ ತರಿಸ್ಕೊಂಡಿದ್ದೆ."

ರಹೀಮಾ ನಗು ತಡೆಯಲು ಅತ್ತ ತಿರುಗಿದಳು. ಪುಟ್ಟಸ್ವಾಮಿ ನಗಲಿಲ್ಲ.

"ನಿಮ್ಮ ಬಾಯಿಗೆ ಏನಾಗೈತೆ ಅವ್ವ?" ಚಿಕ್ಕಲಕ್ಷ್ಮಮ್ಮ ಸೆರಗು ಬಿಗಿದುಕೊಂಡು ಮುಂದೆ ಬಂದಳು. "ಎಷ್ಟು ವರ್ಷದಿಂದ ನಿಮ್ಮಂಗಡಿ ಬಾಗಿಲಿಗೆ ಬತ್ತಾವ್ನೆ ನನ್ನ ಗಂಡ! ಆಯುಧಪೂಜೆಗೆ ನಿಮಗೇ ಅಂತ ಮೊದಲ ಗೊನೆ ಬಾಳೆಹಣ್ಣು ತರ್ತಿದ್ದ. ಆ ಗಜದ ಅಳತೆ ನಿಮ್ಗೊಬ್ರಿಗೇ ಗೊತ್ತಿದ್ದಿದ್ದು. ಸುಮ್ನಿದ್ದಿದ್ರೆ ಗಂಟೇನು ಹೋಗ್ತಿತ್ತು? ನಮ್ಮ ಮನೆ ಹಾಳ್ಮಾಡೋಕೇ ಬಂದ್ರಾ?"

ಆ ಮಾತು ನೇರ ನಾಟಿತು. ಗಿರಿಜಾಂಬ ಸುಣ್ಣದ ಗೆರೆಯ ಅಂಚಿಗೆ ಬಂದಳು.

"ನಾನು ಸುಮ್ನಿದ್ರೆ ಏನಾಗ್ತಿತ್ತು ಲಕ್ಷ್ಮಮ್ಮ? ನಾಳೆ ಯಾವ್ದೋ ಬಾವೀಲಿ ನಿನ್ನ ಗಂಡನ ಕೋವಿ ಸಿಗ್ತಿತ್ತು. ಅವಾಗ ಕೇಳೋರು ಯಾರೂ ಇರ್ತಿರ್ಲಿಲ್ಲ. ಬದ್ಲಾಯಿಸಿದೋನು ತಪ್ಪು ಮಾಡವ್ನೆ. ಅದು ನಾಲ್ಕು ಬೆರಳು ಈಚೆಗೆ ಚಾಚ್ಕೊಂಡೈತೆ. ಅದ್ನೇ ಹಿಡ್ಕೊಂಡು ಹೋದ್ರೆ ಅವನ ಜುಟ್ಟು ಸಿಗ್ತದೆ. ನಿಜ ನಿಮ್ಮ ಪಕ್ಕ ಐತೆ ಅನ್ನೋವಾಗ ಸುಳ್ಳಿನ ಆಸರೆ ಯಾಕೆ? ನನ್ನ ಎದುರಿಗೆ ನಿಮ್ಮ ಮನೇಗೆ ಅನ್ಯಾಯ ಆಗಕ್ಕೆ ಬಿಡಲ್ಲ. ಯಾರೇ ಆಗಿರ್ಲಿ."

"ಯಾರೇ ಆಗಿರ್ಲಿ," ಎಂದು ಪುಟ್ಟಸ್ವಾಮಿ ಒಳಗಿನಿಂದ ಮೆಲ್ಲನೆ ಹೇಳಿದ. ಅವಳ ಮುಖವನ್ನು ನೋಡಿದ. "ಬೇಡ ಅಮ್ಮೋರೆ. ನಾನೇ ಕೊಟ್ಟೆ ಅಂತ ಬರ್ಕೊಳ್ಳಿ."

ಇವನಿಗೆ ಏನೋ ಗೊತ್ತಿದೆ. ಗೊತ್ತಿದ್ದೂ ಕೋಳಕ್ಕೆ ಕೈ ಒಡ್ಡುತ್ತಿದ್ದಾನೆ. ಯಾರನ್ನು ಕಾಯಲು? ಮಗಳನ್ನೇ?

ಅಷ್ಟರಲ್ಲಿ ಊರ ಬಾಗಿಲಲ್ಲಿ ಗಾರ್ಮೆಂಟ್ಸ್ ಫ್ಯಾಕ್ಟರಿಯ ವ್ಯಾನು ಬಂದು ನಿಂತಿತು. ಮೊದಲ ಪಾಳಿ ಮುಗಿಸಿದ ಹುಡುಗಿಯರು ಇಳಿದರು. ಭಾನುಪ್ರಿಯ ಟಿಫಿನ್ ಚೀಲ ಹಿಡಿದು ಮನೆ ಕಡೆ ಬರುತ್ತಿದ್ದವಳು, ಜೀಪನ್ನೂ ಅಪ್ಪನ ಮುಖವನ್ನೂ ನೋಡಿ ಓಡಿಬಂದಳು. ಕೂದಲ ತುಂಬ ಬಟ್ಟೆಯ ಪುಡಿ.

"ಅಪ್ಪಾ, ಏನಾಯ್ತು?"

"ಒಳಿಕ್ಕೋಗು ಮಗಾ," ಎಂದ ಪುಟ್ಟಸ್ವಾಮಿ.

"ಹೋಗಲ್ಲ. ನಿಮ್ಮನ್ನ ಕರ್ಕೊಂಡು ಹೋಗ್ತಾರಂತಾ?" ಅವಳು ದೇವರಾಜು ಎದುರಿಗೆ ನಿಂತಳು. "ಸಾರ್, ಕೋವಿ ತಕ್ಕೊಂಡು ಹೋಗಿದ್ದು ನಾನು. ಗೋಣಿಚೀಲದಲ್ಲಿ ಸುತ್ಕೊಂಡು ಹೋದೆ. ಲೈಸೆನ್ಸು ಅಪ್ಪಂದು, ನಾನು ಹೊತ್ಕೊಂಡು ಹೋಗಿದ್ದು ತಪ್ಪು ಅಂತಾರೆ. ತಪ್ಪಿಗೆ ಏನ್ ಮಾಡ್ತೀರೋ ನನ್ಗೆ ಮಾಡಿ."

"ಹೆಣ್ಣುಮಗು ಹೆಸ್ರು ಠಾಣೆಗೆ ಹೋಗ್ಬಾರ್ದು ಅಂತ ಬಡ್ಕೊಂಡೆ!" ಎಂದು ಚಿಕ್ಕಲಕ್ಷ್ಮಮ್ಮ ಹಣೆ ಚಚ್ಚಿಕೊಂಡಳು.

ದೇವರಾಜು ದನಿ ತಗ್ಗಿಸಿದ. "ಹೆದರ್ಬೇಡಮ್ಮ. ಠಾಣೇಲಿ ಯಾರ ಕೈಗೆ ಕೊಟ್ಟೆ?"

ಭಾನುಪ್ರಿಯ ಅಪ್ಪನ ಕಡೆ ನೋಡಿದಳು. ಅಪ್ಪ ಬೇಡ ಎಂದು ತಲೆಯಾಡಿಸಿದ. ಆಮೇಲೆ ಅವಳು ಗಿರಿಜಾಂಬಳ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಕ್ಷಮಿಸಿ ಅನ್ನುವಂತಿತ್ತು.

"ನಾನು ಠಾಣೆಗೆ ಹೋಗ್ಲೇ ಇಲ್ಲ ಸಾರ್. ಹಾರೋಹಳ್ಳೀಲಿ ಇಳಿದಾಗ ಡ್ಯೂಟಿಗೆ ಹೊತ್ತಾಗಿತ್ತು. ಅಮ್ಮೋರ ಅಂಗಡಿ ಎದುರಿಗೇ ಇತ್ತು. ಅಮ್ಮೋರು ಸೋಲೂರಿಗೆ ಹೋಗಿದ್ರು. ಶಶಾಂಕಣ್ಣ ಇದ್ರು. ನಮ್ಮಂಗಡಿ ಕೋವಿಗಳ್ನೂ ಒಪ್ಪಿಸೋಕೆ ಹೋಗ್ತಾ ಇವ್ನಿ, ಕೊಡು, ರಸೀದಿ ನಾಳೆ ಕೊಡ್ತೀನಿ ಅಂದ್ರು. ಮಾರನೇ ದಿನ ಕೊಟ್ರು."

ಒಳಗೆ ಹುಳಗಳು ಬಿಡುವಿಲ್ಲದೆ ತಿನ್ನುತ್ತಿದ್ದವು.

ಗಿರಿಜಾಂಬಳಿಗೆ ಆ ನಳಿಗೆ ನೆನಪಾಯಿತು. ಅಂಗಡಿಯ ಅಟ್ಟ. ಸತ್ತವರ, ಲೈಸೆನ್ಸು ಬಿಟ್ಟವರ ಕೋವಿಗಳನ್ನು ಗಂಡ ಬಿಚ್ಚಿ, ನಳಿಗೆ ಒಂದು ಕಡೆ, ಮರ ಒಂದು ಕಡೆ ಜೋಡಿಸಿದ್ದ. ಮೊಣಕಾಲು ನೋವು ಶುರುವಾದ ಮೇಲೆ ಅವಳು ಅಟ್ಟ ಹತ್ತಿರಲಿಲ್ಲ. ಮಗನಿಗೆ ಅದು ತುಕ್ಕು ಸಾಮಾನು. ಎಲ್ಲಾ ಒಂದೇ. ಅವನು ಬೈಕಿನ ಹಿಂದೆ ನಾಗರಾಜುವನ್ನು ಕೂರಿಸಿಕೊಂಡು ತಿರುಗುತ್ತಿದ್ದಾಗ ಮೊಬೈಲ್ ಅಂಗಡಿಗೆ ಜಾಗ ನೋಡ್ತಾವ್ನೆ ಎಂದುಕೊಂಡಿದ್ದಳು.

ಬೇಡವೆಂದರೂ ಕಣ್ಣು ರಹೀಮಾ ಕಡೆ ಹೋಯಿತು. ಆ ಹುಡುಗಿ ಗಿಡ್ಡ ಕೋವಿಯ ಮರವನ್ನು ಮೂಗಿನ ಹತ್ತಿರ ಹಿಡಿದಿದ್ದಳು. ಆಯುಧಪೂಜೆಗೆ ಹಚ್ಚಿದ ಎಣ್ಣೆ ಯುಗಾದಿಯ ಹೊತ್ತಿಗೆ ಆರಿಹೋಗುತ್ತದೆ. ಇದು ಮೊನ್ನೆ ಮೊನ್ನೆ ಹಚ್ಚಿದ್ದು. ಹರಳೆಣ್ಣೆ, ಒಂದು ಚಿಟಿಕೆ ಕರ್ಪೂರ. ದಾರಿಯುದ್ದಕ್ಕೂ ಅದನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರೂ ಅವಳ ಮೂಗಿಗೆ ಗೊತ್ತಾಗಿರಲಿಲ್ಲ. ಮನೆಯ ವಾಸನೆ ಮನೆಯವರಿಗೆ ತಿಳಿಯುವುದಿಲ್ಲ.

ರಹೀಮಾ ಕೋವಿ ಇಳಿಸಿ ಕಣ್ಣು ಕೆಳಗೆ ಹಾಕಿದಳು.

"ಅದಕ್ಕೇ ಬೇಡ ಅಂದೆ ಅಮ್ಮೋರೆ," ಎಂದ ಪುಟ್ಟಸ್ವಾಮಿ ಹೊಸಲಿನ ಒಳಗಿನಿಂದ.

ಎಲೆಅಡಿಕೆ ಚೀಲದಲ್ಲಿ ಫೋನು ಮತ್ತೆ ಕುಣಿಯಿತು.

ದೇವರಾಜು ಹೆಸರು ನೋಡಿದ. ದನಿಯಲ್ಲಿ ಗದರಿಕೆ ಇರಲಿಲ್ಲ. "ಎತ್ತಿ ಅಮ್ಮಾ. ಎಲ್ಲರಿಗೂ ಕೇಳೋ ಹಂಗೆ ಇಡಿ. ನಾವಿದ್ದೀವಿ ಅಂತ ಹೇಳೋದು ಬಿಡೋದು ನಿಮಗೆ ಬಿಟ್ಟಿದ್ದು. ನಾನು ಬಾಯಿ ಕಟ್ಟಲ್ಲ."

ಒಂದು ಮಾತು ಸಾಕು. 'ಆಮೇಲೆ ಮಾಡಪ್ಪ' ಅಂದರೆ ಮಗನಿಗೆ ತಿಳಿದುಹೋಗುತ್ತದೆ. ಹೆತ್ತ ಹೊಟ್ಟೆ ಆ ಮಾತನ್ನು ಗಂಟಲವರೆಗೂ ತಂದಿತು. ಎದುರಿಗೆ ಭಾನುಪ್ರಿಯ ನಿಂತಿದ್ದಳು, ಬಟ್ಟೆಯ ಪುಡಿ ಹತ್ತಿದ ಕೂದಲು ಕೆದರಿಕೊಂಡು, ಅಪ್ಪನ ಮೇಲೆ ಬಂದ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಳ್ಳಲು ಬಂದವಳು. ಯಾರೇ ಆಗಿರಲಿ ಎಂದು ಗಿರಿಜಾಂಬಳೇ ಹೇಳಿ ಇನ್ನೂ ಬಾಯಿ ಆರಿರಲಿಲ್ಲ.

ಅವಳು ಗುಂಡಿ ಒತ್ತಿದಳು. ಫೋನನ್ನು ಅಂಗೈಯ ಮೇಲೆ ಇಟ್ಟುಕೊಂಡಳು. ತುಟಿ ಬಿಚ್ಚಲಿಲ್ಲ.

"ಅಮ್ಮಾ?" ಶಶಾಂಕ್ ಏದುಸಿರು ಬಿಡುತ್ತಿದ್ದ. ಹಿಂದೆ ಮರದ ಏಣಿ ಕಿರುಗುಟ್ಟಿತು. "ಬಯ್ಯೋದಿದ್ರೆ ಆಮೇಲೆ ಬಯ್ಯಿ, ಮೊದ್ಲು ಇದಕ್ಕೆ ಉತ್ತರ ಹೇಳು. ಅಟ್ಟದ ಮೇಲೆ ಗೋಣಿಚೀಲದಲ್ಲಿ ಒಂದು ಕೋವಿ ಸುತ್ತಿಟ್ಟಿದ್ದೆ. ಪುಟ್ಟಸ್ವಾಮಿದು. ನಾಗರಾಜು ಹೇಳ್ದ ಅಂತ ಬದ್ಲಾಯಿಸಿದ್ದು ನಿಜ. ಎಲೆಕ್ಷನ್ ಮುಗಿದ್ಮೇಲೂ ಅವನ ಕೋವಿ ವಾಪಸ್ ಸಿಗ್ದಿದ್ರೆ ಮುದುಕ ಹಂದಿ ಕಾಟಕ್ಕೆ ತೋಟ ಬಿಡ್ತಾನೆ ಅಂದಿದ್ದ, ಅಷ್ಟೇ ಕಣಮ್ಮಾ. ಅಟ್ಟದಿಂದ ನಾನದನ್ನ ಕೆಳಿಕ್ಕೆ ಇಳಿಸೇ ಇಲ್ಲ. ಈಗ ನೋಡಿದ್ರೆ ಗಂಟು ಹಾಕಿದಂಗೇ ಐತೆ. ಬಿಚ್ಚಿದ್ರೆ ಒಳಗೆ ಗುದ್ದಲಿ ಕಾವು."

ಅವನು ಉಸಿರೆಳೆದುಕೊಂಡ.

"ಅಟ್ಟದ ಬೀಗ ಯಾರೂ ಒಡೆದಿಲ್ಲ. ನನ್ನ ಬೀಗದ ಕೈ ನನ್ನತ್ರಾನೇ ಐತೆ. ಇನ್ನೊಂದು ಇರೋದು ನಿನ್ನತ್ರ ಮಾತ್ರ. ಅಮ್ಮಾ... ನೀನೇನಾದ್ರೂ ತೆಗೆದ್ಯಾ?"

ದೇವರಾಜುವಿನ ಕಣ್ಣು ಫೋನಿನಿಂದ ಮೆಲ್ಲಗೆ ಇಳಿದು, ಗಿರಿಜಾಂಬಳ ಸೊಂಟದ ಬೀಗದ ಕೈಗೊಂಚಲಿನ ಮೇಲೆ ನಿಂತಿತು.